ಇನ್ನೊಂದು ತಟ್ಟೆ

ಶುಕ್ರವಾರ ಸಂಜೆ ನಾಲ್ಕಕ್ಕೆ ಬಂದಳು ಬೊರ್ಗ್‌ಹಿಲ್ಡ್,
ಕಿರ್ಕೆನೆಸ್ ಆಸ್ಪತ್ರೆಯಿಂದ ನಮ್ಮ ವಾರ್ಡೊ ಆರೈಕೆಮನೆಗೆ.
ಮೂರು ಗಂಟೆಗೂ ಮೀರಿದ ಹಿಮದ ದಾರಿ,
ಹೊಸ ಸೊಂಟದ ಕೀಲಿಗೆ ಪ್ರತಿ ತಿರುವೂ ಗೊತ್ತು.
ಜೊತೆಗೊಂದು ಪ್ಲಾಸ್ಟಿಕ್ ಚೀಲ:
ಕನ್ನಡಕ, ಹಲ್ಲಿನ ಸೆಟ್ಟು, ಒಂಟಿ ಉಣ್ಣೆಯ ಕಾಲುಚೀಲ,
ನಾಲ್ಕು ಮಡಿಕೆಯ ಕಾಗದ.

ಕಾಗದ ಎಲ್ಲ ಹೇಳುತ್ತದೆ,
ರಕ್ತದೊತ್ತಡ, ಉಪ್ಪಿನಂಶ, ಹೊಲಿಗೆ ಬಿಚ್ಚುವ ದಿನ.
ನೋವಿನ ಮಾತ್ರೆಯೆದುರು ಮಾತ್ರ ಎರಡೇ ಪದ:
ಬೇಕಾದರೆ ಕೊಡಿ.

ಬೇಕಾದರೆ.
ಎಂಬತ್ತೇಳು ವರ್ಷದಲ್ಲಿ ಈಕೆ
ಯಾರ ಬಳಿ ಏನು ಬೇಕೆಂದಿದ್ದಾಳು?
ನೋವಿದೆಯಾ, ಬೊರ್ಗ್‌ಹಿಲ್ಡ್?
"ಏನಿಲ್ಲ ಬಿಡು."
ಹೊದಿಕೆಯ ಅಂಚು ಹಿಡಿದ ಮುಷ್ಟಿಯಲ್ಲಿ
ಗೆಣ್ಣುಗಳು ಸುಣ್ಣದ ಹಾಗೆ ಬೆಳ್ಳಗೆ.

ನಾನೂ ಕಲಿತದ್ದನ್ನೇ ಕೇಳಿದೆ:
ಸೊನ್ನೆಯಿಂದ ಹತ್ತರೊಳಗೆ ಎಷ್ಟು?
ನಕ್ಕಳು, ಬೊಚ್ಚುಬಾಯಲ್ಲಿ.
"ನಲವತ್ತು ವರ್ಷ ಬಂದರಿನಲ್ಲಿ ಕಾಡ್ ಮೀನು ತೂಗಿದವಳು ನಾನು.
ತೂಗಬೇಕಾದರೆ ಇನ್ನೊಂದು ತಟ್ಟೆಯಲ್ಲಿ
ಏನಾದರೂ ಇಡಬೇಕು ಮಗಳೆ.
ನೀನೇನಿಡುತ್ತೀ?"

ನನ್ನ ಬಳಿ ಏನಿದೆ ಇಡಲು?
ಬೀಗ ಜಡಿದ ಕಪಾಟು,
ಸೋಮವಾರದವರೆಗೆ ಮುಚ್ಚಿದ ಔಷಧದಂಗಡಿ,
ಸಂಗೀತ ನುಡಿಸುತ್ತಲೇ ಇರುವ ಫೋನು.
"ವಯಸ್ಸಾದವರು, ಜಾಸ್ತಿ ಕೊಡಬೇಡ,
ಮಂಪರಿನಲ್ಲಿ ಬಿದ್ದಾರು" ಎಂದು ಹಿಂದಿನ ಪಾಳಿಯ ಓಡ್‌ಬ್ಯೋರ್ಗ್.
ಸರಿಯೇ.
ಆದರೆ ಬೀಳಲಿಕ್ಕೂ ಮೊದಲು ಏಳಬೇಕಲ್ಲ.

ಹನ್ನೆರಡರ ಮೇಲೆ ಹಳೆಯ ವಾರ್ಡಿನ ನರ್ಸ್ ಸಿಕ್ಕಳು,
ಬಾಯಲ್ಲಿ ಬ್ರೆಡ್ಡು.
"ಅಯ್ಯೋ, ಬರೆದಿಲ್ಲವಾ?
ಮಗ್ಗುಲು ತಿರುಗಿಸುವ ಅರ್ಧ ಗಂಟೆ ಮೊದಲು ಕೊಡುತ್ತಿದ್ದೆವು.
ಅವಳನ್ನ ಕೇಳಿ ಪ್ರಯೋಜನವಿಲ್ಲ.
ಏನೋ ಗುನುಗುತ್ತಿರುತ್ತಾಳೆ ನೋಡಿ, ಅದು ನಿಂತಿತೆಂದರೆ ನೋವು."

ಗುನುಗುವುದೆ?
ಬಂದಾಗಿನಿಂದ ನಾವದನ್ನು ಕೇಳಿಯೇ ಇಲ್ಲ.
ಕಾಗದದಲ್ಲಿ ಅದಕ್ಕೆಂದು ಚೌಕವಿಲ್ಲ.

ಪಾಳಿ ಡಾಕ್ಟರು ನಿದ್ದೆಗಣ್ಣಲ್ಲಿ ಡೋಸು ಹೇಳಿದರು,
ತಿರುಗಿ ಓದಿದೆ, ಎರಡು ಸಲ.
ಚಿಕ್ಕ ಡೋಸು, ಹೊತ್ತಿಗೆ ಸರಿಯಾಗಿ,
ಅವಳು ಕೇಳಿದರೂ ಕೇಳದಿದ್ದರೂ.

ಕೊಟ್ಟು, ಕುರ್ಚಿ ಎಳೆದುಕೊಂಡು ಕೂತೆ.
ಹೊರಗೆ ಹಿಮ ತೆಗೆಯುವ ಗಾಡಿ ಹೋಗಿ, ತಿರುಗಿ ಬಂತು.
ಕಿರುಬೆರಳು ಹೊದಿಕೆ ಬಿಟ್ಟಿತು.
ಆಮೇಲೆ ಇನ್ನೊಂದು.
ಹೆಬ್ಬೆರಳಿಗೆ ಬೆಳಗಿನ ಜಾವದವರೆಗೂ ನಂಬಿಕೆಯಿಲ್ಲ.

ಗುನುಗು ಇನ್ನೂ ಬಂದಿಲ್ಲ.
ಹಗಲು ಪಾಳಿಯವರಿಗೆ ಹಾಳೆಯ ಅಂಚಿನಲ್ಲಿ ಬರೆದಿಟ್ಟೆ,
ಬೇಕಾದರೆ ಎಂಬುದನ್ನು ಹೊಡೆದುಹಾಕಿ:
ಕಿವಿ ಕೊಡಿ.