ಕರಿ ತಟ್ಟೆ

ಲೇಬಲ್ಲಿನ ಮೇಲೆ ಹೋಪ್ ಗಾಡ್ವಿನ್ ಎಂದಿದೆ.
ಕೋಡಿಬಾಗದಲ್ಲಿ ಹಾಗೆಂದರೆ ಯಾರಿಗೂ ತಿಳಿಯುವುದಿಲ್ಲ.
ಎಸ್ಪೆರಾನ್ಸಾ ಗುದಿನ್ಹೊ ಎನ್ನಿ,
ಬಳಚು ಮಾರುವ ಮರ್ಸೆಲಿನಾಳ ಮಗಳು ಎನ್ನಿ,
ಉಳಿದ ಒಬ್ಬಿಬ್ಬರು ಮುದುಕರು ತಲೆಯೆತ್ತಿಯಾರು:
ಓ, ಆ ತಡವಾಗಿ ಬರುವವಳೇ?

ತಡವೇ ಹೌದು.
ಸದಾಶಿವಗಡಕ್ಕೆ ಹೋಗುವ ತಾರಿ
ದಿನಾ ಅವಳನ್ನು ಬಿಟ್ಟೇ ಹೊರಡುತ್ತಿತ್ತು,
ದಿನಾ ಅವಳು ಹಾರಿ ಹತ್ತುತ್ತಿದ್ದಳು.
ದಡಕ್ಕೂ ದೋಣಿಗೂ ನಡುವೆ
ಎರಡು ಗೇಣು ಕಾಳಿ ನೀರು.
ಇಗರ್ಜಿಯ ಮೆಸ್ತ್ರಿ ಪಿಟೀಲಿನ ಬಿಲ್ಲಿನಿಂದ
ಮೊಣಕೈ ಕುಟ್ಟಿ ಕಲಿಸಿದ: ಒಂದು, ಎರಡು, ಈಗ ಎತ್ತು.
ಅವಳು ಎತ್ತುತ್ತಿದ್ದದ್ದು
ಈಗ ಎಂಬುದು ಕಳೆದ ಮೇಲೆ.

ನಲವತ್ತಾರರಲ್ಲಿ ಬೈತಖೋಲದಿಂದ ಆಗಬೋಟು.
ಒಣ ಶೆಟ್ಲಿಯ ಡಬ್ಬಿ, ಒಂದು ಜಪಸರ, ಇಪ್ಪತ್ತು ರೂಪಾಯಿ.
ಮುಂಬಯಿಯ ಹೋಟೆಲಿನವರು ಅವಳನ್ನು ಸೇರಿಸಿಕೊಂಡದ್ದು
ಕಂಠಕ್ಕಲ್ಲ.
ಮದುವೆಯಾಗಿ ಹೋದ ಹಾಡುಗಾರ್ತಿಯ ನೀಲಿ ಗೌನು
ಇವಳ ಮೈಗೆ ಹೊಲಿದ ಹಾಗೆ ಕೂತಿತು, ಅದಕ್ಕೆ.
ಏಳು ತಿಂಗಳು ಬ್ಯಾಂಡಿನ ಹಿಂದೆ ಗಿಲಕಿ ಅಲ್ಲಾಡಿಸಿದಳು.
ತುತ್ತೂರಿಯ ಸಿಪ್ರಿಯಾನೊ ಒಂದು ರಾತ್ರಿ,
ಕುಡಿದಿದ್ದನೋ, ಬೇಸತ್ತಿದ್ದನೋ,
ತಿರುಗಿ ನೋಡಿ ಹೇಳಿದನಂತೆ:
ಗಿಲಕಿಯನ್ನೂ ಇಷ್ಟು ತಡ ಮಾಡಿ ಆಡಿಸುವವಳು
ಹಾಡಿದರೆ ಹೇಗಿದ್ದೀತು?

ಮೂರು ನಿಮಿಷ, ಹತ್ತು ಸೆಕೆಂಡು. ಅಷ್ಟೇ ಜಾಗ ಒಂದು ಬದಿಗೆ.
ಮೇ ತಿಂಗಳು. ಸದ್ದಾದೀತೆಂದು ಫ್ಯಾನು ನಿಲ್ಲಿಸಿ
ನೆಲದ ಮೇಲೆ ಮಂಜುಗಡ್ಡೆಯ ಹಲಗೆ ಇಟ್ಟಿದ್ದರು.
ಮೊದಲ ಸಲ ತುತ್ತೂರಿ ಅವಳನ್ನು ನುಂಗಿತು.
ಎರಡನೆಯ ಸಲ ಎಲ್ಲ ಸರಿ, ತಾಳಕ್ಕೆ ತಾಳ,
ಸಾಹೇಬ ಹೆಬ್ಬೆರಳೆತ್ತಿದ.
ಇರಲಿ ಎಂದು ಮೂರನೆಯದು:
ಎರಡನೆಯ ಚರಣಕ್ಕೆ ಮೊದಲು ಅವಳು ನಿಂತಳು,
ಮೈಕಿಗೆ ಕೇಳುವಷ್ಟು ಉಸಿರೆಳೆದಳು,
ತಾಳ ಮುಂದೆ ಹೋಯಿತು,
ಆಮೇಲೆ ಹಾರಿ ಹತ್ತಿದಳು.
ಸಾಹೇಬ ಮುಖ ಸಿಂಡರಿಸಿದ.
ಆದರೆ ಎರಡನೆಯದರ ಮೇಣ ಆ ಬಿಸಿಲಿಗೆ ಬೆವರಿ ಕೆಟ್ಟಿತ್ತು.
ಅಚ್ಚಿಗೆ ಹೋದದ್ದು ಮೂರನೆಯದೇ.

ಇದೆಲ್ಲ ಅಪ್ಪ ಹೇಳಿದ್ದು. ಅಪ್ಪನಿಗೆ ಯಾರು ಹೇಳಿದರೋ.
ನನ್ನಪ್ಪ ಕಸ್ಟಮ್ಸ್ ಬಂಗಲೆಯ ಪೇದೆ,
ಸಾಹೇಬರ ಗ್ರಾಮಾಫೋನಿಗೆ ಚಾವಿ ಕೊಡುವುದೂ ಅವನ ಕೆಲಸ.
ತಟ್ಟೆ ಬಂದ ದಿನ ಮರ್ಸೆಲಿನಾಳನ್ನು ಕರೆಸಿದರು.
ಬುಟ್ಟಿಯನ್ನು ಮೆಟ್ಟಿಲ ಕೆಳಗಿಟ್ಟು
ಒದ್ದೆ ಕಾಲಿನಲ್ಲಿ ಒಳಗೆ ಬರಲೊಲ್ಲದೆ
ಹೊಸ್ತಿಲಾಚೆ ನಿಂತು ಕೇಳಿದಳು.
ಇಂಗ್ಲಿಷು ಹಾಡು. ಅರ್ಥ ಎಲ್ಲಿಂದ ಬರಬೇಕು?
ಮುಗಿದ ಮೇಲೆ ಮೇಮ್‌ಸಾಹೇಬರು, ಹೇಗಿದೆ ಮಗಳ ಹಾಡು, ಎಂದರೆ
ಆ ನಡುವಿನ ಉಸಿರೊಂದನ್ನೇ ಹಿಡಿದುಕೊಂಡು ಹೇಳಿದಳು:
ಹುಡುಗಿ ಹೊಟ್ಟೆಗೆ ತಿಂದಿಲ್ಲ.

ಮರುದಿನದ ಬೋಟಿಗೆ ಬಳಚಿನ ಉಪ್ಪಿನಕಾಯಿ ಹೋಯಿತು.
ತಿಂಗಳಿಗೆ ಕಾಗದ ಬಂತು. ಎಣ್ಣೆ ಸೋರಿ ಗೌನು ಹಾಳಾಯಿತಂತೆ.
ಹಾಡಿನ ಸುದ್ದಿ ಇರಲಿಲ್ಲ.

ಮುಂದಿನದು ನಿಮಗೆ ಗೊತ್ತು:
ಕಲಕತ್ತೆ, ಲಿಸ್ಬನ್, ಉದ್ದ ತಟ್ಟೆಗಳು,
ಆ ತಡಕ್ಕೇ ಒಂದು ಹೆಸರು, ಅದನ್ನು ಕಲಿಸುವ ಶಾಲೆಗಳು.
ಮೊನ್ನೆ ಮೊಮ್ಮಗ ಫೋನಿನಲ್ಲಿ ಹಾಕಿಕೊಟ್ಟ,
ಅದೇ ಮೊದಲ ಹಾಡು, ತೊಳೆದು ತಿಕ್ಕಿ ಶುದ್ಧ ಮಾಡಿದ್ದು.
ಕರಕರ ಇಲ್ಲ, ಬಿರುಕಿಲ್ಲ,
ತುತ್ತೂರಿ ಕಂಚಿನ ಕೊಡದ ಹಾಗೆ ಫಳಫಳ.
ಎರಡನೆಯ ಚರಣಕ್ಕೆ ಮೊದಲು ಕಿವಿ ಚಾಚಿ ಕೂತೆ.
ಉಸಿರನ್ನೂ ಕಸವೆಂದು ಗುಡಿಸಿಬಿಟ್ಟಿದ್ದಾರೆ.

ಬಂಗಲೆಯ ತಟ್ಟೆ ಈಗ ನನ್ನ ಬಳಿ ಇದೆ.
ಉಕ್ಕಿನ ಸೂಜಿ ಕಾರವಾರದಲ್ಲಿ ಸಿಗುವುದಿಲ್ಲ,
ಜಾಲಿ ಮುಳ್ಳು ಕೊರೆದು ಸಿಕ್ಕಿಸುತ್ತೇನೆ,
ಒಂದು ಮುಳ್ಳು ಒಂದೇ ಬದಿಗೆ ಸವೆಯುತ್ತದೆ.
ಹೊರಗೆ ಇಳಿತದ ಹೊಳೆ, ಸೊಂಟದ ಮಟ್ಟ ನೀರಿನಲ್ಲಿ
ನಾಲ್ಕೈದು ಹೆಂಗಸರು ಕಾಲಿನಿಂದಲೇ ಬಳಚು ಹುಡುಕುತ್ತಿದ್ದಾರೆ.
ಚಾವಿ ಕೊಡುತ್ತೇನೆ. ಮುಳ್ಳು ಇಳಿಸುತ್ತೇನೆ.
ಆ ಜಾಗ ಬಂದಾಗ
ಅಡುಗೆಮನೆಯಿಂದ ಇವಳು ಕೇಳುತ್ತಾಳೆ,
ಊಟಕ್ಕೆ ಬಡಿಸಲೇ?