ಅರವತ್ತನಾಲ್ಕು

ಲ್ಯಾಮಿಂಗ್ಟನ್ ರೋಡಿನಲ್ಲಿ ಮೂರು ಸಾವಿರದ ಇನ್ನೂರಕ್ಕೆ ಇಳಿದ
ಈ ಲ್ಯಾಪ್‌ಟಾಪಿನ ಬೆನ್ನ ಮೇಲೆ
ಯಾವುದೋ ಕಂಪನಿಯ ಚೀಟಿ: ‘ಅಕೌಂಟ್ಸ್ ೭’.
ಒಂದು ಕೀಲು ಮುರಿದಿದೆ,
ಗೋಡೆಗೊರಗಿಸಿದರೆ ಮಾತ್ರ ಕಣ್ಣು ಬಿಡುತ್ತದೆ.
‘ಮಾವ್ಶೀ, ಮೊಮ್ಮಗನಿಗಾ?’ ಅಂಗಡಿಯವ ಕೇಳಿದ.
ನನಗೇ ಎಂದೆ.
ಚಿಲ್ಲರೆ ಎಣಿಸುವಾಗ ಇನ್ನೊಮ್ಮೆ ನೋಡಿದ.

ಪಕ್ಕದ ಖೋಲಿಯ ತನ್ಮಯ ತಾಂಡೇಲ
ಪೆನ್‌ಡ್ರೈವಿನಲ್ಲಿ ಲಿನಕ್ಸ್ ತಂದು ಹಾಕಿದ.
ಎಷ್ಟು ಕೊಡಲಿ?
‘ಏನಿಲ್ಲ, ಫುಕಟ್.’
ಡೊಂಬಿವಲಿಯಲ್ಲಿ ಫುಕಟ್ ಎಂದವರ ಮುಖಕ್ಕೆ
ಮೊದಲು ಬಾಗಿಲು ಹಾಕುವವಳು ನಾನು.
ತಿಳಿಯಲು ನಾಲ್ಕು ದಿನ ಬೇಕಾಯಿತು, ಇದು ಅರವಟ್ಟಿಗೆ.
ಯಾರೋ, ಯಾವುದೋ ದೇಶದ ದಾರಿಯ ಬದಿ,
ತನ್ನ ನಿದ್ದೆಯ ಹೊತ್ತಿನಲ್ಲಿ ಹೂಜಿ ತುಂಬಿಸಿ
ಮೇಲೊಂದು ಲೋಟ ಕವುಚಿಟ್ಟು
ಹೆಸರು ಹೇಳದೆ ಹೋಗಿದ್ದಾನೆ.
ಇಲ್ಲ, ಹೆಸರು ಹೇಳಿದ್ದಾನೆ, ಸಣ್ಣಕ್ಷರದಲ್ಲಿ.
ನನಗದು ಓದಲು ಬರುವುದಿಲ್ಲ.

ಪರದೆಯ ಎಡಕ್ಕೆ ಹೊರಬಾಯಿಗಳು, ಬಲಕ್ಕೆ ಒಳಬಾಯಿಗಳು,
ನಡುವೆ ಎಳೆದು ಸಿಕ್ಕಿಸುವ ತಂತಿ.
ನಗು ಬಂತು.
ಹದಿನಾಲ್ಕು ವರ್ಷ ಟೆಲಿಫೋನಿನ ಟ್ರಂಕ್ ಬೋರ್ಡಿನಲ್ಲಿ
ಇದನ್ನೇ ಅಲ್ಲವೆ ಮಾಡಿದ್ದು!
ಮಂಗಳೂರಿನ ಅಳುವನ್ನು ಮಸ್ಜಿದ್ ಬಂದರಿಗೆ,
ಬಂದರಿನ ಬೈಗುಳವನ್ನು ಬಳ್ಳಾರಿಗೆ.
ಆ ತೂತಿಗೂ ಜ್ಯಾಕ್ ಎಂದೇ ಹೆಸರಿತ್ತು,
ಈ ತಂತ್ರಾಂಶಕ್ಕೂ ಅದೇ.
‘ಮೂರು ನಿಮಿಷ ಆಯಿತು, ಮುಂದುವರಿಸಲೆ?’
ಕೇಳುವುದೊಂದು ಬಾಕಿ.

ರಾತ್ರಿ ಮನೆಯಲ್ಲಿ ಬಫರು ಎರಡು ಸಾವಿರದ ನಲವತ್ತೆಂಟು.
ಯಾರಿಗೇನು ಅವಸರ?
ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಒಳಗಿಳಿಸಿದ್ದೇನೆ.
ಚಪಾತಿ ಲಟ್ಟಿಸುತ್ತ ಕೇಳುವವಳಿಗೆ
ದನಿ ರೆಪ್ಪೆ ಬಡಿವಷ್ಟು ತಡವಾಗಿ ಬಂದರೇನು,
ಎಷ್ಟು ಹೊತ್ತಿಗೆ ಹೊರಟಿತೆಂದು ತಿಳಿದಿದ್ದರೆ ತಾನೆ ತಡ?
ಕೇಳುವವರದು ಪ್ಲಾಟ್‌ಫಾರ್ಮಿನ ಬೆಂಚು.
ನುಡಿಸುವವರದು, ಓಡುವ ಲೋಕಲಿನ ಬಾಗಿಲ ಕಂಬಿ.

ಭಾನುವಾರ ಸಂಘದ ತಾಳಮದ್ದಳೆ.
ತ್ಯಾಂಪಣ್ಣ ಭಾಗವತರ ದನಿ
ನನ್ನ ಪೆಟ್ಟಿಗೆಯೊಳಗೆ ಒಂದು ಸುತ್ತು ಹಾಕಿ
ಅವರ ಕಿವಿಗೇ ಮರಳಬೇಕು.
ಚೂರು ತಡವಾದರೆ ಸಾಕು,
‘ಹಿಂದೆ ಯಾರೋ ಅಣಕಿಸುತ್ತಿದ್ದಾರೆ’ ಎಂದು ತಿರುಗುತ್ತಾರೆ.
ಅದಕ್ಕೇ ಅರವತ್ತನಾಲ್ಕು.
ವಿದ್ಯೆಗಳಷ್ಟು, ನನ್ನ ವಯಸ್ಸಿನಷ್ಟು.
ಅರವತ್ತಕ್ಕೆ ಅರಳುಮರಳು ಎಂದರು ಕಾರ್ಯದರ್ಶಿ.
ಆಗಲೇ ನಾಲ್ಕು ಹೆಚ್ಚಾಯಿತು ಎಂದೆ.

ಪದ್ಯ ಏರುತ್ತಿತ್ತು. ಏರುವಲ್ಲೇ
ಟಕ್.
ಯಂತ್ರ ಉಸಿರು ತಪ್ಪಿತು.
ಪರದೆಯ ಮೂಲೆಯಲ್ಲಿ ಕೆಂಪಗೆ ಒಂದು.
ಮದ್ದಳೆಯ ದೇಜಪ್ಪಣ್ಣ ತಲೆಯನ್ನೂ ಎತ್ತಲಿಲ್ಲ.
ಅದನ್ನೂ ಪೆಟ್ಟೆಂದೇ ತಿಳಿದು, ಅಥವಾ ಅಲ್ಲವೆಂದು ತಿಳಿದೇ,
ಎದುರಿಗೆರಡು ಪೆಟ್ಟು ಕೊಟ್ಟು
ಮುಕ್ತಾಯಕ್ಕೆ ತಂದು ಇಳಿಸಿದರು.
ಸಭೆ ಚಪ್ಪಾಳೆ ತಟ್ಟಿತು.
ನಾನು ಸೆರಗಿನಿಂದ ಕತ್ತು ಒರೆಸಿಕೊಂಡೆ.

ಚಹಾದ ಹೊತ್ತಿಗೆ ಬಂದರು.
‘ಆ ಟಕ್ ಯಾರದು ಮಾರಾಯ್ತಿ?’
ಅಡಚಣೆ ಆಯಿತು, ಕ್ಷಮಿಸಿ.
‘ಅಡಚಣೆಯಾ!
ಮುಂದಿನ ಸಲವೂ ಅಲ್ಲೇ ಕೊಡು.’

ಮನೆಗೆ ಬಂದು ಮುದ್ರಿಸಿದ್ದನ್ನು ಕೇಳಿದೆ.
ಉಗುರಿನಷ್ಟು ಗೀರು.
ಆಯ್ದೆ, ಅಳಿಸಿದೆ, ಅಷ್ಟೇ ಕೆಲಸ.
ಆಗ ಆ ಎರಡು ಪೆಟ್ಟು
ಎತ್ತುವವರಿಲ್ಲದ ಫೋನಿಗೆ ಹಲೋ ಎಂದಂತೆ
ಸುಮ್ಮನೆ ನಿಂತುಕೊಂಡವು.
ಟಕ್ ಅನ್ನು ಮತ್ತೆ ತಂದು ಸಿಕ್ಕಿಸಿದೆ.

ಮುಂದಿನ ತಿಂಗಳು ಮೀರಾ ರೋಡಿನವರು
ಈ ಪೆಟ್ಟಿಗೆಯನ್ನು ಎರವಲು ಕೇಳಿದ್ದಾರೆ.
‘ಅಕೌಂಟ್ಸ್ ೭’ರ ಕೆಳಗೆ ಚೀಟಿ ಅಂಟಿಸಿದ್ದೇನೆ:
ಮನೆಗೆ ೨೦೪೮, ಸಭೆಗೆ ೬೪.
ವೈಫೈ ಬಂದ್ ಮಾಡಿ.
ಫ್ಯಾನು ಇದರ ಕಡೆಗಿರಲಿ, ಅಧ್ಯಕ್ಷರ ಕಡೆಗಲ್ಲ.
ಕುಡಿದಾದ ಮೇಲೆ
ಲೋಟ ಕವುಚಿಡಿ.