ಅನಾಥ ಪಾಲು

ನನ್ನ ಕಸುಬು ಭಾಗಾಕಾರ.
ಅರವತ್ತೊಂದು ಮನೆಗಳು ಕೂಡಿ ಹೂಡಿದ ಒಂದು ದಾವೆ,
ನಾಲ್ಕು ಪ್ರತಿವಾದಿಗಳು, ಒಂದು ಬಂದರು;
ಯಾರು ಎಷ್ಟು ಕೊಂದರು ಎಂದು
ದಶಮಾಂಶದ ಎರಡನೆಯ ಸ್ಥಾನದವರೆಗೆ
ಲೆಕ್ಕ ತೆಗೆದು ಕೊಡಬೇಕು ತ್ರಿಯೆಸ್ತೆಯ ನ್ಯಾಯಾಲಯಕ್ಕೆ,
ಈಸ್ಟರಿನೊಳಗೆ.

ಕಲ್ನಾರಿಗೆ ಊರಿಲ್ಲ, ಒಡೆಯನಿಲ್ಲ.
ಶ್ವಾಸಕೋಶದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ
ಎಳೆ, ಎಳೆಯ ಮೇಲೆ ಎಳೆ;
ಇದು ಹಡಗುಕಟ್ಟೆಯದು, ಇದು ಬಾಯ್ಲರಿನವರದು
ಎಂದು ಯಾವುದರ ಮೇಲೂ ಮೊಹರಿಲ್ಲ.
ಹಾಗಾಗಿ ವರ್ಷಗಳನ್ನು ಎಣಿಸಿದೆ.

ಆಲ್ವಿಸೆ ಕೊಸ್ಸುತ್ತಾ, ಉಗಿಕೊಳವೆಗೆ ಹೊದಿಕೆ ಸುತ್ತುವವ:
ಹಡಗುಕಟ್ಟೆಯಲ್ಲಿ ಹನ್ನೊಂದು ವರ್ಷ,
ಬಾಯ್ಲರಿನವರಲ್ಲಿ ಆರು,
ಗುತ್ತಿಗೆದಾರ ಪೆರ್ತೋಟನ ಕೈಕೆಳಗೆ ಎರಡೂವರೆ,
ನಾಲ್ಕನೆಯವರಲ್ಲಿ ಏಳು ತಿಂಗಳು,
ಬರೀ ಚೀಲ ಹೊತ್ತದ್ದು.

ಹಡಗುಕಟ್ಟೆಯ ವಕೀಲ ಬಾಯ್ಲರಿನತ್ತ ಬೆರಳು ತೋರಿದ,
ಬಾಯ್ಲರಿನ ವಕೀಲೆ ಗುತ್ತಿಗೆದಾರನತ್ತ,
ಗುತ್ತಿಗೆದಾರನ ವಕೀಲ ಸತ್ತವನ ಸಿಗರೇಟಿನತ್ತ
(ದಿನಕ್ಕೆ ನಾಲ್ಕು ಸೇದುತ್ತಿದ್ದನಂತೆ, ಸಾಕ್ಷಿ ಇದೆ).
ಆಸ್ತಿಯ ಪಾಲಿಗೆ ಹತ್ತೂ ಬೆರಳು ಚಾಚುವವರಿಗೆ
ಪಾಪದ ಪಾಲಿಗೆ ತೋರುಬೆರಳೊಂದೇ.

ನಾಲ್ಕನೆಯದರ ಕುರ್ಚಿ ಖಾಲಿ.
ಆ ಕಂಪನಿ ತೀರಿಕೊಂಡು ಮೂವತ್ತು ವರ್ಷ;
ಅದಕ್ಕೆ ಶ್ವಾಸಕೋಶವಿರಲಿಲ್ಲ, ಸಾಲವಿತ್ತು.
ಅದು ಬಿಟ್ಟುಹೋದ ೨.೯೦ಕ್ಕೆ
ನಮ್ಮ ಕಡತದಲ್ಲಿ ಒಂದು ಹೆಸರಿದೆ: ಅನಾಥ ಪಾಲು.
ಬದುಕಿದ ಪ್ರತಿವಾದಿಗಳು ಹಂಚಿಕೊಂಡು ಸಾಕಬೇಕು ಅದನ್ನು.
ಎತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ಜಂಟಿಯಾಗಿಯೂ ಬಿಡಿಬಿಡಿಯಾಗಿಯೂ, ಎನ್ನುತ್ತದೆ ಕಾಯಿದೆ.
ಅಂದರೆ, ಸಿಕ್ಕವನು ಪೂರ್ತಿ ತೆರಲಿ,
ಉಳಿದವರ ಜೊತೆ ಆಮೇಲೆ ಕಚ್ಚಾಡಿಕೊಳ್ಳಲಿ.

ಮಧ್ಯಾಹ್ನದ ವಿರಾಮದಲ್ಲಿ, ಕಾಫಿ ಯಂತ್ರದ ಬಳಿ,
ನೆರೀನಾ ಕೊಸ್ಸುತ್ತಾ ನನ್ನ ತೋಳು ಹಿಡಿದಳು.
ವಾದಿಗಳ ಪಟ್ಟಿಯಲ್ಲಿ ಮೂವತ್ತೆಂಟನೆಯವಳು.
ಗಂಡನ ಸುದ್ದಿ ಎತ್ತಲಿಲ್ಲ.

“ಇಂಜಿನಿಯರೇ, ಅವನ ಕೆಲಸದ ಬಟ್ಟೆ
ನೆನೆಹಾಕುವ ಮುಂಚೆ ಬಾಲ್ಕನಿಯಲ್ಲಿ ಕೊಡವುತ್ತಿದ್ದೆ.
ಬೊರಾ ಗಾಳಿ ಇದ್ದ ದಿನ ಇನ್ನೂ ಸಲೀಸು,
ಅರ್ಧ ಕೆಲಸ ಅದೇ ಮಾಡುತ್ತದಲ್ಲ.
ಕೆಳಗೆ ಅಂಗಳದಲ್ಲಿ ನೀವೆಸ್, ನಾಲ್ಕು ವರ್ಷದವಳು,
ಹಿಮ ಬಂತು, ಅಮ್ಮಾ ಹಿಮ ಬಂತು, ಅಂತ
ಬಾಯಿ ತೆರೆದು ನಿಲ್ಲುತ್ತಿದ್ದಳು.
ನಾನು ನಕ್ಕು ಇನ್ನೊಮ್ಮೆ ಕೊಡವುತ್ತಿದ್ದೆ.
ಪಟ್ಟಿಯಲ್ಲಿ ಮೂವತ್ತೊಂಬತ್ತು ಅವಳದು, ನೋಡಿರಬೇಕು ನೀವು.
ಅವಳ ಲೆಕ್ಕದಲ್ಲಿ ನನ್ನದು ಎಷ್ಟು?”

ಸೊನ್ನೆ, ಅಂದೆ.
ನಿಮಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು;
ಕಾನೂನಿನಲ್ಲಿ ಅದಕ್ಕೇ ಗೆರೆ ಎಳೆದಿದ್ದಾರೆ, ಅಂದೆ.
ಇನ್ನೂ ಏನೇನೋ ಅಂದೆ.

ಅವಳು ಕಾಗದದ ಲೋಟವನ್ನು ಮಡಿಸಿದಳು,
ಮತ್ತೆ ಮಡಿಸಿದಳು, ಅದು ಮಡಿಯದಷ್ಟು ಸಣ್ಣದಾಗುವವರೆಗೆ.
“ಯಾರೂ ಒಯ್ಯದ ಒಂದು ಪಾಲಿದೆಯಂತಲ್ಲ,
ಅದನ್ನಾದರೂ ನನ್ನ ಹೆಸರಿಗೆ ಬರೆಯಿರಿ.”

ಗಂಟೆ ಬಾರಿಸಿತು. ಒಳಗೆ ಹೋಗಿ ಓದಿದೆ:
ಐವತ್ತನಾಲ್ಕು ಬಿಂದು ಏಳು ಏಳು,
ಇಪ್ಪತ್ತೊಂಬತ್ತು ಬಿಂದು ಎಂಟು ಎಂಟು,
ಹನ್ನೆರಡು ಬಿಂದು ನಾಲ್ಕು ಐದು,
ಎರಡು ಬಿಂದು ಒಂಬತ್ತು ಸೊನ್ನೆ.
ಕೂಡಿದರೆ ಸರಿಯಾಗಿ ನೂರು.
ನ್ಯಾಯಾಧೀಶೆ ತಲೆದೂಗಿದರು.

ರಾತ್ರಿ ಮನೆಗೆ ಬಂದು
ಕೋಟು ಕಳಚಿದೆ, ಬಾಗಿಲ ಹೊರಗೆ ಗಾಳಿ ಜೋರಾಗಿತ್ತು.
ಕೊಡವದೆ, ಹಾಗೇ, ಮೆಲ್ಲಗೆ
ಗೂಟಕ್ಕೆ ತೂಗುಹಾಕಿದೆ.